ಬಿಳಿ ಬಣ್ಣದ ಡಬ್ಬಿ

ನಾನು ಹೇಳುವುದರಲ್ಲಿ ಅರ್ಧ ಸುಳ್ಳಿರುತ್ತದೆ ಎಂದು ಊರಿಗೇ ಗೊತ್ತು. ಇದು ಉಳಿದರ್ಧ.

ನಮ್ಮ ತಹಶೀಲ್ದಾರರು ಮನೆಗೊಂದು ಹೊಸ ಕಂಪ್ಯೂಟರ್ ಜೋಡಿಸಿಕೊಂಡರು. ಅದಕ್ಕೆ ಆಪರೇಟಿಂಗ್ ಸಿಸ್ಟಂ ಹಾಕಲು ಕಚೇರಿಯ ಗುಮಾಸ್ತನನ್ನು ಕರೆಸಿದರು. ಕಂಪ್ಯೂಟರಿನ ಪೆಟ್ಟಿಗೆ ಹೊತ್ತು ತಂದ ಕಚೇರಿಯ ಜವಾನ ನಾನು ಬಾಗಿಲಲ್ಲೇ ನಿಂತಿದ್ದೆ.

"ಮನೆಗೆ ಹೋಮ್ ವರ್ಷನ್ ಸಾಕು ಸಾರ್. ಅಂಗಡಿಯಲ್ಲಿ ಸಿಗುತ್ತೆ," ಎಂದ ಗುಮಾಸ್ತ.

"ಹೋಮಾ? ನಾನೇನು ಮನೇಲಿ ಕೂತು ಸೊಪ್ಪು ಬಿಡಿಸೋನೇನಯ್ಯ? ಕಚೇರಿಗೆ ತರಿಸಿದ ದೊಡ್ಡ ವರ್ಷನ್ ಇದೆಯಲ್ಲ, ಅದನ್ನೇ ಹಾಕು!"

ಅದರ ಲೈಸೆನ್ಸ್ ಇದ್ದದ್ದು ಗುಮಾಸ್ತನ ಸುಪರ್ದಿಯಲ್ಲಿ. ಆಡಿಟ್‌ನವರು ಹಿಡಿದರೆ ಹೋಗುವುದು ಅವನ ಕೆಲಸ. ಆಗದು ಎಂದರೆ ಸಾಹೇಬರು ಬಿಡುವವರಲ್ಲ.

"ಆಗಲಿ ಸಾರ್," ಎಂದವನೇ ಚೀಲದಿಂದ ಬಿಳಿ ಬಣ್ಣದ ಡಬ್ಬಿ, ಬ್ರಷ್ಷು ತೆಗೆದ. ಕಚೇರಿಯ ಕುರ್ಚಿ, ಬೀರುಗಳ ಬೆನ್ನಿಗೆ ನಂಬರು ಬರೆಯುವ ಅದೇ ಡಬ್ಬಿ.

"ಇದೇನಯ್ಯ?"

"ಸರ್ಕಾರಿ ಮಾಲು ಒಳಗೆ ಕೂತ ಮೇಲೆ ಪೆಟ್ಟಿಗೆಯೂ ಸ್ಟಾಕ್ ರಿಜಿಸ್ಟರಿಗೆ ಬರಬೇಕಲ್ಲ ಸಾರ್. ತಮಗೆ ವರ್ಗವಾದಾಗ ಕುರ್ಚಿ ಜೊತೆ ಇದನ್ನೂ ಒಪ್ಪಿಸಿ ಹೋದರಾಯಿತು."

ಸಾಹೇಬರು ಎರಡೂ ಕೈ ಚಾಚಿ ಕಂಪ್ಯೂಟರನ್ನು ತಬ್ಬಿಕೊಂಡರು. ಹೆತ್ತ ಮಗಳನ್ನೂ ಹಾಗೆ ತಬ್ಬಿದ್ದನ್ನು ನಾನು ಕಂಡಿಲ್ಲ. ಸಂಜೆಯೊಳಗೆ ಹೋಮ್ ವರ್ಷನ್ ಬಂತು.

ಮರುದಿನ ಆದೇಶವೂ ಬಂತು. ಗುಮಾಸ್ತನನ್ನು ಗಡಿಯಂಚಿನ ನಾಡಕಚೇರಿಗೆ ನಿಯೋಜಿಸಲಾಗಿದೆ. ಅದನ್ನು ಸಾಹೇಬರು ಮನೆಯಲ್ಲೇ ಟೈಪ್ ಮಾಡಿ ತಂದಿದ್ದರು.

ಗುಮಾಸ್ತ ಓದಿ, ಮಡಚಿ, ಜೇಬಿಗಿಟ್ಟುಕೊಂಡ. "ನೋಡಿದಿರಾ ಸಾರ್? ಹೋಮ್ ವರ್ಷನ್ನಿನಲ್ಲೂ ಕಚೇರಿ ಕೆಲಸ ಎಷ್ಟು ಚೆನ್ನಾಗಿ ಆಗುತ್ತೆ!"