ಪೊಟ್ಟಣವಾಗದ ಪುಸ್ತಕ

ಅಂಗಡಿಯಲ್ಲಿ ಯಾರಿಗೂ ಪುಕ್ಕಟೆ ಜಾಗ ಸಿಗುವುದಿಲ್ಲ. ಆದರೂ ಗುರುಸಿದ್ದಪ್ಪ ಸಾಹುಕಾರರ ಗಲ್ಲಾಪೆಟ್ಟಿಗೆಯ ಮೇಲೆ, ರದ್ದಿಯ ಜೊತೆ ಬಂದ ಹಳೆಯ ವೈಜ್ಞಾನಿಕ ಕಾದಂಬರಿಯೊಂದು ಕೂತಿತ್ತು. ಗಿರಾಕಿಗಳ ನಡುವೆ ಬಿಡುವಾದಾಗ ಸಾಹುಕಾರರು ಅರ್ಧರ್ಧ ಪುಟ ಓದುತ್ತಿದ್ದರು.

ಪಕ್ಕದಲ್ಲಿದ್ದ ಆ ದಿನದ ಪತ್ರಿಕೆ ಪುಸ್ತಕವನ್ನು ಹಂಗಿಸಿತು: “ಏನಜ್ಜಾ, ಎರಡು ಸಾವಿರನೇ ಇಸವಿಗೆ ಜನ ಚಂದ್ರನಲ್ಲಿ ಮನೆ ಕಟ್ಟುತ್ತಾರೆ ಅಂದಿದ್ದೆಯಲ್ಲ, ಎಲ್ಲಿ ಕಟ್ಟಿದರು? ಪೊಟ್ಟಣಕ್ಕೆ ಮೊದಲು ಹರಿಯುವುದು ನಿನ್ನನ್ನೇ!”

“ಇಸವಿ ತಪ್ಪಿದ್ದು ನಿಜ. ಮೊದಲು ಯಾರನ್ನು ಹರಿಯುತ್ತಾರೋ ನೋಡೋಣ,” ಎಂದಿತು ಪುಸ್ತಕ.

ಗಿರಾಕಿಯೊಬ್ಬ ಒಣಮೆಣಸಿನಕಾಯಿ ಕೇಳಿದ. ಸಾಹುಕಾರರು ಪುಸ್ತಕದ ಪುಟದ ತುದಿ ಮಡಚಿಟ್ಟು, ಪತ್ರಿಕೆಯನ್ನು ಹರಿದು ಪೊಟ್ಟಣ ಕಟ್ಟಿದರು.

ಗಿರಾಕಿಯ ಕೈಯಲ್ಲಿ ಮೆಟ್ಟಿಲು ಇಳಿಯುತ್ತಾ ಪತ್ರಿಕೆ ಕೂಗಿತು: “ಅಜ್ಜಾ, ನಿನ್ನ ಕಥೆಯಲ್ಲಿ ಚಂದ್ರನಲ್ಲಿಗೆ ಹೋದವರು ಕೊನೆಗೆ ಮರಳಿ ಬಂದರೇ?”

“ಸಾಹುಕಾರರಿಗೇ ಇನ್ನೂ ಗೊತ್ತಿಲ್ಲ,” ಎಂದು ಪುಸ್ತಕ ಬೀಗಿತು. “ನಿನ್ನನ್ನಾದರೆ ಬೆಳಿಗ್ಗೆಯೇ ಓದಿ ಮುಗಿಸಿದ್ದರು.”