ಬಾಗಿಲ ಕಡೆ ಮಲಗಿದ ಬೊಳ್ಳಿ

ತಮ್ಮ ಬೆಕ್ಕು ಬೊಳ್ಳಿ ಒಂಟಿಯಾಗಿ ಸೊರಗುತ್ತಿದೆಯೆಂದು ಫ್ಲೇವಿ ಟೀಚರ್ ಪ್ರಾಣಿಗಳ ಆಶ್ರಯಧಾಮದಿಂದ ಇನ್ನೊಂದು ಬೆಕ್ಕನ್ನು ತಂದರು. ಪಂಜರವನ್ನು ಪಡಸಾಲೆಯಲ್ಲಿಟ್ಟು, ಅದರ ಬಾಗಿಲು ತೆರೆದು, ಮೀನು ತರಲು ಹೋದರು. ಹೊಸ ಬೆಕ್ಕು ಹೊರಗೆ ಬರಲಿಲ್ಲ.

ಬೊಳ್ಳಿ ಬಾಲ ಉಬ್ಬಿಸಿಕೊಂಡು ಎದುರು ಕೂತಿತು. "ಕಿಟಕಿ ನನ್ನದು, ಕುರ್ಚಿ ನನ್ನದು, ಟೀಚರ್ ಮಡಿಲೂ ನನ್ನದು. ತಿಳಿಯಿತೇ?"

"ತಿಳಿಯಿತು."

"ಹಾಗಾದರೆ ಜಗಳಕ್ಕಾದರೂ ಹೊರಗೆ ಬಾ. ನಮ್ಮ ಮನೆ ನಿನಗೆ ಸಾಲದೇ? ಇಷ್ಟೇಕೆ ಸೊಕ್ಕು?"

"ಸೊಕ್ಕಲ್ಲ ಅಕ್ಕಾ. ಆಶ್ರಯಧಾಮದಲ್ಲಿ ನನ್ನ ಜೊತೆ ತಂಗಿಯೂ ಇದ್ದಳು. ಒಂದು ದಿನ ಹೀಗೇ ಬಾಗಿಲು ತೆರೆಯಿತು, ಕೈಯೊಂದು ಒಳಗೆ ಬಂತು, ಅವಳನ್ನು ಎತ್ತಿಕೊಂಡು ಹೋಯಿತು. ಅಂದಿನಿಂದ ತೆರೆದ ಬಾಗಿಲು ಕಂಡರೆ ನಾನು ಮೂಲೆ ಸೇರುತ್ತೇನೆ."

ಬೊಳ್ಳಿಯ ಬಾಲ ಮೆಲ್ಲಗೆ ಇಳಿಯಿತು. ಅದು ಮೈ ಮುದುಡಿಕೊಂಡು ಪಂಜರದೊಳಗೆ ನುಗ್ಗಿತು. "ಸ್ವಲ್ಪ ಆಚೆ ಸರಿ. ಬಾಗಿಲ ಕಡೆ ನಾನು ಮಲಗುತ್ತೇನೆ."

ಟೀಚರ್ ಬಂಗುಡೆ ಮೀನು ತಂದಾಗ ಕಿಟಕಿಯೂ ಖಾಲಿ, ಕುರ್ಚಿಯೂ ಖಾಲಿ. ಇಕ್ಕಟ್ಟಾದ ಪಂಜರದಲ್ಲಿ ಎರಡು ಬೆಕ್ಕುಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಹೊಸದನ್ನು ಎತ್ತಿಕೊಳ್ಳೋಣವೆಂದು ಅವರು ಕೈ ಚಾಚಿದರು.

ಅವರ ಮಡಿಲಲ್ಲೇ ಬೆಳೆದ ಬೊಳ್ಳಿ, ಮೊದಲ ಸಲ ಅವರಿಗೇ ಗುರ್ರೆಂದಿತು.