ಲಾಭದ ಕೊಳಗ

ಒಂದೂರಲ್ಲಿ ಒಬ್ಬ ದೊರೆ ಇದ್ದ. ಇರಲಿ ಬಿಡಿ, ಅವನ ಕತೆ ಯಾರಿಗೆ ಬೇಕು? ಅರಮನೆ ಹಿಂದಿನ ಬೀದೀಲಿ ತಾಯಮ್ಮ ಅಂತ ಒಬ್ಬಳಿದ್ದಳು, ನನಗೆ ಬೇಕಾದ್ದು ಅವಳು. ಅವಳಿಗೆ ಒಂದು ಕರೀ ಎಮ್ಮೆ, ಒಬ್ಬ ಮಗ. ಎಮ್ಮೆ ಜಾಣೆ. ಮಗ ಜವರ, ಏನು ಹೇಳಲಿ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಆಸಾಮಿ. ಎಮ್ಮೆ ಮಜ್ಜಿಗೆ ಮಾರಿದರೆ ಇಬ್ಬರಿಗೂ ಹಿಟ್ಟು, ಇಲ್ಲದಿದ್ದರೆ ಇಲ್ಲ.

ಒಂದು ದಿನ ಡಂಗೂರ ಬಿತ್ತು. "ಅರಮನೆ ಕಣಜ ಬರಿದಾಗಿದೆ! ಬರೋದಕ್ಕಿಂತ ಹೋಗೋದು ಜಾಸ್ತಿಯಾಗಿದೆ! ಏನು ಮಾಡೋಣ ಅಂತ ಚಾವಡೀಲಿ ಮಾತಾಡೋಣ, ಮನೆಗೊಬ್ಬರು ಬನ್ನಿ!"

"ಬರಿದಾಯ್ತಂತೆ!" ಅಂದಳು ತಾಯಮ್ಮ. "ಮೊನ್ನೆ ಆನೆ ಕಾಲಿಗೆ ಬೆಳ್ಳಿ ಗೆಜ್ಜೆ ಕಟ್ಟಿದರಲ್ಲ, ಅದೆಲ್ಲಿಂದ ಬಂತು? ಗೆಜ್ಜೆ ಕಟ್ಟುವಾಗ ನಮ್ಮನ್ನ ಕೇಳಿದರಾ? ಈಗ ಯಾಕೆ ಕರೀತಾರೆ? ಇದರಲ್ಲೇನೋ ಇದೆ ಕಣೋ." ಅವಳ ಕಾಲು ಊದಿತ್ತು. ಮಗನ್ನೇ ಕಳಿಸಿದಳು. "ದೊಡ್ಡವರ ಮುಂದೆ ಬಾಯಿ ಬಿಡಬೇಡ. ಸುಮ್ಮನೆ ತಲೆ ಆಡಿಸ್ಕೊಂಡು ಕೂತಿರು."

"ಹೂಂ ಕಣವ್ವ!"

ಚಾವಡೀಲಿ ಗದ್ದಲವೋ ಗದ್ದಲ. ಒಬ್ಬ ಸಾಲ ತನ್ನಿ ಅಂತಾನೆ, ಒಬ್ಬ ಖರ್ಚು ಬಿಡಿ ಅಂತಾನೆ. ಕೊನೆಗೆ ಮಂತ್ರಿ ಎದ್ದು, "ಮನೆಗೆ ಮೂರು ಕೊಳಗ ರಾಗಿ ಕೊಡ್ತೀರಾ?" ಅಂದ. ಜವರ ಒಬ್ಬನೇ ತಲೆ ಆಡಿಸಿದ.

"ನೋಡಿ, ಬಡವರೇ ಒಪ್ಪಿದರು!" ಅಂತ ಮಂತ್ರಿ ಸಭೆ ಮುಗಿಸೇ ಬಿಟ್ಟ.

ಮೂರು ಕೊಳಗ ಕೊಟ್ಟ ಮೇಲೆ ತಾಯಮ್ಮನ ಮಡಕೇಲಿ ತಳ ಕಾಣ್ತಿತ್ತು. ಬೀದಿಯವರೆಲ್ಲ ಬಂದು ಉಗಿದು ಹೋದರು. "ಅಯ್ಯೋ ಮಂಕೇ!" ಅಂದಳು ತಾಯಮ್ಮ. "ಒಪ್ಪಬಾರದಾಗಿತ್ತು ಕಣೋ! 'ಖರ್ಚು ಕಡಿಮೆ ಮಾಡಿ' ಅಂತ ಕೂಗಬೇಕಾಗಿತ್ತು!"

"ಹೂಂ ಕಣವ್ವ, ನಾಳೆ ಕೂಗ್ತೀನಿ!"

ಮಾರನೇ ದಿನ ಹೊರಟ. ದಾರೀಲಿ ಕೆರೆ ಏರಿ. ಬಿರುಕು ಬಿಟ್ಟ ಏರಿಗೆ ಕೂಲಿಯವರು ಮಣ್ಣು ಹೊರ್ತಿದ್ದಾರೆ. ಪಲ್ಲಕ್ಕೀಲಿ ಮಂತ್ರಿ ಬಂದ. ಜವರ ಗಂಟಲು ಹರಿಯೋ ಹಾಗೆ ಕೂಗಿದ, "ಖರ್ಚು ಕಡಿಮೆ ಮಾಡಿ! ಖರ್ಚು ಕಡಿಮೆ ಮಾಡಿ!"

"ಆಹಾ, ಜನವೇ ಬೇಡ ಅಂತಿದೆ!" ಅಂದ ಮಂತ್ರಿ. ಏರಿ ಕೆಲಸ ಅರ್ಧಕ್ಕೇ ನಿಂತಿತು, ಕೂಲಿಯವರು ಜವರನಿಗೆ ಬುಟ್ಟೀಲೇ ಬಡಿದು ಕಳಿಸಿದರು.

"ಏರಿಗಲ್ವೋ, ಆನೆಗೆ!" ತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅರ್ಧ ಆಗಿರೋ ಕೆಲಸ ಕಂಡರೆ 'ಸಾಲ ತಂದಾದರೂ ಮುಗಿಸಿ, ಬೆಳೆ ಬಂದಾಗ ತೀರಿಸೋಣ' ಅನ್ನಬೇಕು, ತಿಳೀತಾ?"

"ತಿಳೀತು ಕಣವ್ವ!"

ಮೂರನೇ ದಿನ ಅರಮನೆ ಅಂಗಳದಲ್ಲಿ ಆನೆ ನಿಂತಿತ್ತು. ಮುಂದಿನ ಎರಡು ಕಾಲಿಗೆ ಗೆಜ್ಜೆ, ಹಿಂದಿನ ಎರಡು ಕಾಲು ಬರಿದು. ದೊರೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. ಜವರ ನೋಡಿದ. ಅರ್ಧ ಕೆಲಸ!

"ಸಾಲ ತಂದಾದರೂ ಮುಗಿಸಿ! ಬೆಳೆ ಬಂದಾಗ ತೀರಿಸೋಣ!"

ದೊರೆ ಅವನನ್ನ ತಬ್ಬಿಕೊಂಡ. ಊರ ಸಾಹುಕಾರ ನೂರು ಕೊಳಗ ಕಾಳು ಸಾಲ ಕೊಡೋಕೆ ಒಪ್ಪಿದ. ಒತ್ತೆ ಏನು? ಹಿಂದಿನ ಬೀದಿಯ ಎಮ್ಮೆಗಳು! ಅಳೆಯೋನು ಯಾರು? ಜವರ!

ತಾಯಮ್ಮ ಮಗನ್ನ ಹತ್ತಿರ ಕೂರಿಸಿಕೊಂಡಳು. "ಊರಲ್ಲಿ ಅಷ್ಟು ಜನ ಅಳೆಯೋರಿದ್ದಾರೆ, ಮಂತ್ರಿ ನಿನ್ನನ್ನೇ ಯಾಕೆ ಕರೆದ? ಇದರಲ್ಲೇನೋ ಇದೆ. ಕೇಳು ಇಲ್ಲಿ. ಕೊಳಗ ಅಳೆಯುವಾಗ ಒಂದು ಅನ್ನಬಾರದು, ಲಾಭ ಅನ್ನಬೇಕು. ಹಿಂದಿನಿಂದ ಬಂದ ಪದ್ಧತಿ ಅದು. ಆಮೇಲೆ ಎರಡು, ಮೂರು ಅಂತ ಬಾಯಿಬಿಟ್ಟು ಎಣಿಸು. ಲೆಕ್ಕ ನಾಲ್ಕು ಜನರ ಕಿವಿಗೆ ಬೀಳಲಿ."

"ಒಂದು ಅನ್ನಬಾರದು, ಲಾಭ ಅನ್ನಬೇಕು. ಹೂಂ ಕಣವ್ವ!"

ಮನಸ್ಸು ತಡೀಲಿಲ್ಲ, ತಾಯಮ್ಮ ಕುಂಟ್ಕೊಂಡು ತಾನೂ ಹೋದಳು. ಕಣಜದ ಬಾಗಿಲಲ್ಲಿ ಜವರ ಒಂದು ಕೊಳಗ ಸುರಿದ. "ಲಾಭ!" ಇನ್ನೊಂದು ಸುರಿದ. "ಲಾಭ!" ಮತ್ತೊಂದು. "ಲಾಭ!"

"ಎರಡು ಅನ್ನೋ! ಮೂರು ಅನ್ನೋ!"

"ಕೈಯಲ್ಲಿರೋದು ಒಂದೇ ಕೊಳಗ ಅಲ್ವೇನವ್ವ! ಲಾಭ!"

ಮಂತ್ರಿ ಮೀಸೇಲೇ ನಕ್ಕ. "ಆಯಮ್ಮನ್ನ ಆಚೆಗೆ ಕಳಿಸ್ರೋ. ಶಾನುಭೋಗರೇ, ಹುಡುಗ ಕೂಗಿದ್ದನ್ನ ಕೂಗಿದ ಹಾಗೇ ಬರ್ಕೊಳ್ಳಿ." ಶಾನುಭೋಗ ಬರೆದ. ನೂರು ಸಲ ಲಾಭ. ಸಾಲ ಅನ್ನೋ ಮಾತು ಕಡತದಲ್ಲಿ ಒಂದು ಕಡೇನೂ ಇಲ್ಲ! ಸಂಜೆಗೆ ಅದನ್ನ ಓದಿಸಿ ಕೇಳಿದ ದೊರೆ ಕುಣಿದಾಡಿದ. ಆನೆಯ ನಾಲ್ಕೂ ಕಾಲಿಗೆ ಗೆಜ್ಜೆ ಬಂತು, ಜವರನ ಹೆಗಲಿಗೆ ಶಾಲು ಬಂತು. ನೀವು ನಗ್ತೀರಿ. ತಾಯಮ್ಮ ಅವತ್ತು ಊಟ ಮಾಡಲಿಲ್ಲ.

ಮಳೆ ಬಂತು. ಅರ್ಧಕ್ಕೆ ನಿಂತ ಏರಿ ಒಡೆಯಿತು, ಬೆಳೆ ನೀರು ಪಾಲಾಯ್ತು. ಸಾಹುಕಾರ ಅರಮನೆಗೆ ಬಂದು ಕಾಳು ಕೇಳಿದ. ಮಂತ್ರಿ ಕಡತ ಬಿಚ್ಚಿ ತೋರಿಸಿದ. "ಸಾಲ ಎಲ್ಲಿದೆ ಸ್ವಾಮಿ? ಎಲ್ಲ ಲಾಭವೇ! ನಿಮ್ಮ ಒತ್ತೆ ಹಿಂದಿನ ಬೀದೀಲಿದೆ, ಬಿಚ್ಕೊಂಡು ಹೋಗಿ."

ಸಾಹುಕಾರನ ಆಳುಗಳು ಬಂದರು. ಕರೀ ಎಮ್ಮೆ ಕೊಟ್ಟಿಗೆ ಬಿಟ್ಟು ಬರಲೊಲ್ಲದು. ತಾಯಮ್ಮ ಹಗ್ಗ ಹಿಡಿದು ಜಗ್ಗಿದಳು, ಅತ್ತಳು, ಶಾಪ ಹಾಕಿದಳು. ಕೊನೆಗೆ ಹಗ್ಗ ಕೈ ಜಾರಿತು. ಜವರ ಶಾಲು ಹೊದ್ದು ಬಾಗಿಲಲ್ಲೇ ನಿಂತಿದ್ದ.

"ನೋಡೋ ಮಗನೇ! ನಮ್ಮ ಮನೆಯಿಂದ ಎಷ್ಟು ಹೋಯ್ತು, ಈಗಲಾದರೂ ಎಣಿಸೋ!"

ಜವರ ಎಮ್ಮೆಯನ್ನ ಕೊಂಬಿನಿಂದ ಬಾಲದ ತನಕ ನೋಡಿದ. ಇದ್ದದ್ದು ಒಂದೇ. ಅವ್ವ ಹೇಳಿಕೊಟ್ಟದ್ದು ಅವನು ಮರೆತಿರಲಿಲ್ಲ. ಬೀದಿಗೆಲ್ಲ ಕೇಳೋ ಹಾಗೆ ಕೂಗಿದ:

"ಲಾಭ!"